ಬಾವಿಗೆ ಬಿದ್ದ ಮೊದಲ ಮಳೆ

ನಾಗರಿಕತೆಗಳು ನೀರಿನ ದಡದಲ್ಲಿ ಹುಟ್ಟುತ್ತವೆ, ನೀರನ್ನು ಮರೆತಾಗ ಅಳಿಯುತ್ತವೆ. ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದಷ್ಟು ವರ್ಷವೂ ಈ ಮಾತನ್ನು ನಾನು ಗಂಭೀರವಾಗಿ ಹೇಳಿದ್ದೇನೆ, ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ್ದವರಿಗೂ ಸೇರಿಸಿ. ಎನ್.ಆರ್. ಕಾಲೋನಿಯ ನಮ್ಮ ಮನೆಯಲ್ಲಿ ಮಾತ್ರ ಈ ಮಹಾಪ್ರಶ್ನೆ ಕೊನೆಗೆ ಬಂದು ನಿಂತದ್ದು ಕಾರನ್ನು ಎಲ್ಲಿ ನಿಲ್ಲಿಸುವುದು ಎಂಬಲ್ಲಿ.

ಕಾರು ಅಣ್ಣನದು. ಅಂದರೆ ಅಣ್ಣನದಾಗಬೇಕಾದದ್ದು, ಬುಕ್ ಮಾಡಿದ್ದ, ಬಂದಿರಲಿಲ್ಲ. ಅದೂ ಬ್ಯಾಟರಿ ಕಾರು. ಸರ್ಕಾರಿ ಕಚೇರಿಯಲ್ಲಿ ಒಂದಾಯುಷ್ಯ ಕಡತ ನೋಡಿ ನಿವೃತ್ತನಾದ ಅಣ್ಣನಿಗೆ ಪರಿಸರದ ಕಾಳಜಿ ಹುಟ್ಟಿದ್ದು ತಡವಾಗಿ. ಹುಟ್ಟಿದ ಮೇಲೆ ಬೆಳೆದದ್ದು ಬಲು ಬೇಗ. ಗಾಂಧಿ ಬಜಾರಿನಿಂದ ಬಟ್ಟೆ ಚೀಲದಲ್ಲಿ ಸೊಪ್ಪು ತರುವುದರಿಂದ ಶುರುವಾದ ಅದು ಒಂದೇ ವರ್ಷದಲ್ಲಿ ನಾಲ್ಕು ಚಕ್ರಕ್ಕೆ ಏರಿತ್ತು. ಗೌರಿ ಹಬ್ಬ ಕಳೆದ ಮೇಲೆ ಕಾರು ಕೊಡುತ್ತೇವೆ ಎಂದು ಶೋರೂಮಿನವರು ಹೇಳಿದ್ದರು. ಅದಕ್ಕೆ ನೆರಳು ಬೇಕು, ಚಾರ್ಜು ಮಾಡಲು ಗೋಡೆಯಲ್ಲೊಂದು ಪ್ಲಗ್ಗು ಬೇಕು. ನಮ್ಮ ಕಾಂಪೌಂಡಿನಲ್ಲಿ ಅಷ್ಟು ಅಗಲದ ಜಾಗ ಇದ್ದದ್ದು ಒಂದೇ, ಗೇಟಿನ ಎಡಕ್ಕೆ. ಅಲ್ಲಿ ನೆಲದ ಮೇಲೆ ದೊಡ್ಡ ಕಡಪ ಕಲ್ಲು ಹಾಸಿತ್ತು. ಕಲ್ಲಿನ ಮೇಲೆ ಅಣ್ಣನ ಹಳೆಯ ಸ್ಕೂಟರು, ಕಲ್ಲಿನ ಕೆಳಗೆ ಬಾವಿ.

ಬಾವಿ ತೋಡಿಸಿದವರು ನಮ್ಮ ತಾತ. ಮನೆಗಿಂತ ಮೊದಲು ಬಾವಿ ಆಯಿತಂತೆ. ಬಾವಿಯ ನೀರಿನಲ್ಲೇ ಮನೆ ಕಟ್ಟಿದ್ದಂತೆ. ನಲ್ಲಿಯಲ್ಲಿ ಕಾವೇರಿ ನೀರು ಸರಿಯಾಗಿ ಬರತೊಡಗಿದ ಮೇಲೆ ಅಪ್ಪ ಕಟ್ಟೆ ಒಡೆಸಿ ಅದನ್ನು ಮುಚ್ಚಿಸಿದರು. ಮಕ್ಕಳು ಬಿದ್ದುಗಿದ್ದಾರು ಎಂಬುದು ಕೊಟ್ಟ ಕಾರಣ. ಆಗ ಮನೆಯಲ್ಲಿದ್ದ ಅತಿ ಚಿಕ್ಕ ಮಗುವಿಗೆ, ಅಂದರೆ ನನಗೆ, ಮೀಸೆ ಬಂದಿತ್ತು.

ಮರುವರ್ಷ ಅತ್ತಿಗೆ ಮದುವೆಯಾಗಿ ಬಂದರು. ಕುಂದಾಪುರದ ಆಚೆ, ಹೊಳೆ ಸಮುದ್ರವನ್ನು ಸೇರುವ ಕಡೆಯ ಹಳ್ಳಿ ಅವರದು. ಬಂದ ಮೊದಲ ಬೆಳಿಗ್ಗೆ ಕೊಡಪಾನ ಹಿಡಿದು ಹೊರಗೆ ಬಂದು "ಬಾವಿ ಎಲ್ಲಿ?" ಎಂದು ಕೇಳಿದರು. ಅಮ್ಮ ನಲ್ಲಿ ತೋರಿಸಿದರು. ಅತ್ತಿಗೆ ನಲ್ಲಿಯನ್ನು ನೋಡಿದ್ದು ನನಗೆ ಈಗಲೂ ನೆನಪಿದೆ. ಹೆಣ್ಣು ತೋರಿಸುತ್ತೇವೆಂದು ಕರೆದು ಫೋಟೋ ತೋರಿಸಿದರೆ ಗಂಡಿನವರು ನೋಡುತ್ತಾರಲ್ಲ, ಹಾಗೆ.

ಅವರಿಗೆ ನಿಜವಾಗಿ ಕಷ್ಟವಾಗುತ್ತಿದ್ದದ್ದು ಗೌರಿ ಹಬ್ಬದ ಬೆಳಿಗ್ಗೆ. ನಮ್ಮಲ್ಲಿ ಅಂದು ಮೊದಲು ಗಂಗೆಪೂಜೆ: ಬಾವಿಯ ಮುಂದೆ ರಂಗೋಲಿ ಹಾಕಿ, ಪೂಜೆ ಮಾಡಿ, ಆ ನೀರನ್ನೇ ಕಲಶಕ್ಕೆ ತುಂಬಿ ಒಳಗೆ ತರಬೇಕು. ಬಾವಿ ಮುಚ್ಚಿದ ಮೇಲೆ ಪೂಜೆ ನಲ್ಲಿಗೆ ವರ್ಗವಾಯಿತು. ನಲ್ಲಿಗೆ ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ. ನಲ್ಲಿಯಲ್ಲಿ ನೀರು ಬಾರದ ವರ್ಷ ಅದೆಲ್ಲ ಮಹಡಿಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿಗೆ. ಟ್ಯಾಂಕು ಎತ್ತರದಲ್ಲಿದ್ದ ಕಾರಣ ಆರತಿಗೆ ನಾನು ಏಣಿ ಹಿಡಿಯುತ್ತಿದ್ದೆ. ಹೀಗೆ ಹಲವು ವರ್ಷ ನಡೆಯಿತು. ಯಾರಿಗೂ ನಗು ಬರಲಿಲ್ಲ ಎಂಬುದೇ ನಮ್ಮ ಮನೆತನದ ಬಗ್ಗೆ ಸಾಕಷ್ಟನ್ನು ಹೇಳುತ್ತದೆ.

ಬಾವಿಗೆ ಮಣ್ಣು ತುಂಬಿಸುವ ಯೋಜನೆಯನ್ನು ಅಣ್ಣ ಒಂದು ಭಾನುವಾರದ ತಿಂಡಿಯ ಹೊತ್ತಿಗೆ ಮಂಡಿಸಿದ. ನಾನು ಮದುವೆಯ ಗೋಜಿಗೆ ಹೋಗದೆ ಮಹಡಿಯ ಕೋಣೆಯಲ್ಲಿ ಇರುವವನು, ತಿಂಡಿ ಕೆಳಗೇ.

"ಮುಚ್ಚಿರೋ ಬಾವಿ ತಾನೆ, ಪೂರ್ತಿ ಮುಚ್ಚಿದ್ರಾಯ್ತು" ಎಂದ ಅಣ್ಣ. "ಇದೂ ಪರಿಸರಕ್ಕೇ. ಹೊಗೆ ಬಿಡಲ್ಲ ಆ ಕಾರು."

"ಬಾವಿ ಎಷ್ಟು ಹೊಗೆ ಬಿಡ್ತದೆ?" ಎಂದರು ಅತ್ತಿಗೆ, ದೋಸೆ ಮಗುಚುತ್ತ.

"ಅದು ಸತ್ತಿರೋ ಬಾವಿ ಕಣೆ."

"ಬಾಯಿ ಮುಚ್ಚಿಸಿಟ್ಟು ಸತ್ತಿದೆ ಅನ್ನೋದು ಎಂತ ನ್ಯಾಯ? ತೆಗೆದು ನೋಡಿದ್ದೀರಾ?"

ಅಣ್ಣ ನನ್ನ ಕಡೆ ನೋಡಿದ. ನಾನು ಚಟ್ನಿಯ ಕಡೆ ನೋಡಿದೆ. ಆಮೇಲೆ ಅವನು ಕಚೇರಿಯ ದನಿಯಲ್ಲಿ ತನ್ನ ಆದೇಶ ಹೊರಡಿಸಿದ. "ಸರಿ. ಗೌರಿ ಹಬ್ಬದವರೆಗೆ ಟೈಮು. ಅವತ್ತು ಬೆಳಿಗ್ಗೆ ಕಲಶಕ್ಕೆ ತುಂಬೋ ಹಾಗಿರಬೇಕು ಆ ನೀರು. ಬಣ್ಣ ಇರಕೂಡದು, ವಾಸನೆ ಇರಕೂಡದು. ಇಲ್ಲಾಂದ್ರೆ ಮಣ್ಣು."

"ಆಯ್ತು" ಎಂದರು ಅತ್ತಿಗೆ. ಕೆಲಸದ ಉಸ್ತುವಾರಿ ನನಗೆ ಬಂತು. ಕೇಳಿದವರು ಯಾರೂ ಇಲ್ಲ, ಬಂತು.

ಚಾಮರಾಜಪೇಟೆ ಕಡೆಯಿಂದ ಬಾವಿ ಕೆಲಸದ ಮೇಸ್ತ್ರಿ ಮೂರು ಜನರನ್ನು ಕರೆದುಕೊಂಡು ಬಂದ. ಕಡಪ ಕಲ್ಲನ್ನು ಸರಿಸಿದಾಗ ಒಳಗಿನಿಂದ ಬಂದ ವಾಸನೆಗೆ ಅಣ್ಣ ನನ್ನನ್ನೊಮ್ಮೆ ನೋಡಿ ಒಳಗೆ ಹೋದ. ತಳದಲ್ಲಿ ಮೊಣಕಾಲುದ್ದ ಕಪ್ಪು ನೀರು, ಅದರ ಕೆಳಗೆ ಹೂಳು. ಎರಡು ದಿನ ಹೂಳೆತ್ತಿದರು. ಕೊಡೆಯ ಕಡ್ಡಿ ಬಂತು, ಟೆನಿಸ್ ಚೆಂಡುಗಳು ಬಂದವು, ಕೊನೆಯ ಬುಟ್ಟಿಯಲ್ಲಿ ಒಂದು ತಾಮ್ರದ ಚೊಂಬು ಬಂತು.

ಆ ಚೊಂಬಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಅಣ್ಣನ ಸಂಧ್ಯಾವಂದನೆಯ ಚೊಂಬು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅದು ಕಾಣೆಯಾಯಿತು. ನಾನು ಅದನ್ನು ಗುಜರಿ ಅಂಗಡಿಗೆ ಹಾಕಿ ಐಸ್‌ಕ್ಯಾಂಡಿ ತಿಂದೆ ಎಂದು ಅಣ್ಣ ವಾದಿಸಿ ಗೆದ್ದ. ಅಪ್ಪನ ಬೆತ್ತದಿಂದ ತೀರ್ಪು ಜಾರಿಯಾಯಿತು. ಈಗ ನಾನು ಚೊಂಬನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ತೊಳೆದು, ಅವನ ಮೇಜಿನ ಮೇಲೆ ಪತ್ರಿಕೆಯ ಪಕ್ಕದಲ್ಲಿಟ್ಟೆ. ಅಣ್ಣ ಪತ್ರಿಕೆಯನ್ನು ಆ ದಿನ ಬಹಳ ಹೊತ್ತು ಓದಿದ.

"ಊಟೆ ಇದೆ ಸಾಮಿ" ಎಂದ ಮೇಸ್ತ್ರಿ, ಮೇಲೆ ಬಂದು ಕಾಲು ಒರೆಸಿಕೊಳ್ಳುತ್ತ. "ತಳದಿಂದ ನೀರು ಸಣ್ಣಗೆ ಒಸರ್ತಾ ಇದೆ. ಮೇಲಿಂದ ನೀವು ಒಂದಿಷ್ಟು ಕೊಟ್ರೆ, ಅದೂ ಕೊಡತ್ತೆ."

ಮೇಲಿಂದ ಕೊಡುವುದೆಂದರೆ ತಾರಸಿಯ ಮಳೆನೀರನ್ನು. ಬಾವಿಗೆ ಮತ್ತೆ ಕಟ್ಟೆ ಕಟ್ಟಿ, ಪೈಪು ಇಳಿಸಿ, ನಡುವೆ ಒಂದು ಡ್ರಮ್ಮು ಕೂರಿಸಿದರು. ಸೋಸಲು ಅದಕ್ಕೆ ಜಲ್ಲಿ, ಇದ್ದಿಲು, ಮರಳು ತುಂಬಬೇಕು ಎಂದ ಮೇಸ್ತ್ರಿ. ಅತ್ತಿಗೆ ಮರಳಿಗೆ ಒಪ್ಪಲಿಲ್ಲ.

"ಮರಳಿಲ್ದೆ ಸರಿಯಾಗಿ ಸೋಸಲ್ಲ ಅಮ್ಮ."

"ನಮ್ಮೂರ ಹೊಳೆಯ ಮರಳು ಲಾರಿ ಲಾರಿ ಹೋಗಿ ಈಗ ಹೊಳೆ ಇದ್ದಲ್ಲಿ ಸಮುದ್ರ ಬಂದು ಕೂತಿದೆ. ನನ್ನ ಬಾವಿಗೆ ಒಂದು ಬುಟ್ಟಿಯೂ ಬೇಡ. ಜಲ್ಲಿ, ಇದ್ದಿಲು ಸಾಕು."

ಆ ಊರನ್ನು ನಾನು ಚೆನ್ನಾಗಿದ್ದಾಗ ನೋಡಿದ್ದೇನೆ. ಅಣ್ಣನ ಮದುವೆಯಾದ ವರ್ಷದ ಚಳಿಗಾಲದಲ್ಲಿ ಹೋಗಿದ್ದೆ. ಮಳೆ ನಿಂತು ಹೊಳೆಗೆ ಸೇರುವ ಹಳ್ಳ ಸೊರಗಿದ ಮೇಲೆ ಸಮುದ್ರದ ಭರತದ ಉಪ್ಪುನೀರು ಹಳ್ಳದಲ್ಲಿ ಮೇಲಕ್ಕೇರುತ್ತದೆ. ಏರಿದರೆ ಗದ್ದೆಯೂ ಬಾವಿಯೂ ಕೆಡುತ್ತವೆ. ಅದಕ್ಕೆ ಪ್ರತಿವರ್ಷ ಊರವರೆಲ್ಲ ಸೇರಿ ಅಡ್ಡಲಾಗಿ ಕಟ್ಟ ಕಟ್ಟುತ್ತಿದ್ದರು. ಮನೆಗೊಬ್ಬರು, ಆಳಿಗೊಂದು ಬುಟ್ಟಿ. ಗೂಟ ಹೊಡೆದು, ತೆಂಗಿನ ಗರಿ ಹೆಣೆದು, ನಡುವೆ ಮಣ್ಣು ತುಂಬಿ ತುಳಿಯುತ್ತಿದ್ದರು. ನಾನೂ ಪಂಚೆ ಎತ್ತಿ ಕಟ್ಟಿ ಬುಟ್ಟಿ ಹೊತ್ತೆ. ಮೂರನೆಯ ಬುಟ್ಟಿಗೆ ನನ್ನ ನಡಿಗೆ ನೋಡಿ, ಅಳಿಯನ ತಮ್ಮನಿಗೆ ಸಲ್ಲಬೇಕಾದ ಮರ್ಯಾದೆಯಿಂದ ನನ್ನನ್ನು ನೆರಳಲ್ಲಿ ಕೂರಿಸಿ ಎಳನೀರಿನ ಬೊಂಡ ಕೆತ್ತಿ ಕೊಟ್ಟರು. ಸಂಜೆ ಅವರ ಮನೆಯ ಬಾವಿಯಲ್ಲಿ ನೀರು ಸೇದಿ ಕುಡಿದೆ. ಸಮುದ್ರದ ಸದ್ದು ಕಿವಿಗೆ ಬೀಳುತ್ತಿತ್ತು, ಬಾಯಲ್ಲಿ ಸಿಹಿನೀರು.

ಮುಂದೆ ಆ ಊರಿಗೂ ನಲ್ಲಿ ಬಂತು. ಒಂದು ವರ್ಷ ಕಟ್ಟಕ್ಕೆ ಬುಟ್ಟಿ ತಂದವರು ಕಡಿಮೆಯಾದರು. ಮರುವರ್ಷ ಕಟ್ಟಲಿಲ್ಲ. ಅದರ ಮರುವರ್ಷ ಯಾಕೆ ಕಟ್ಟಲಿಲ್ಲ ಎಂದು ಕೇಳುವವರೂ ಇರಲಿಲ್ಲ.

ನಾವು ಬಾವಿ ತೆರೆದ ಆ ಬೇಸಿಗೆಯಲ್ಲೇ ಅತ್ತಿಗೆಯ ತಮ್ಮ ಫೋನು ಮಾಡಿದ. ಬಾವಿಯ ನೀರನ್ನು ಈಗ ದನವೂ ಮೂಸಿ ಬಿಡುತ್ತದೆ ಎಂದನಂತೆ. ಅತ್ತಿಗೆ ಹೋಗಿ ನೋಡಿ ಬರುತ್ತೇನೆಂದು ಹೊರಟರು. ಹೊರಡುವ ಮುನ್ನ ನನ್ನನ್ನು ಡ್ರಮ್ಮಿನ ಹತ್ತಿರ ನಿಲ್ಲಿಸಿಕೊಂಡರು. ಪೈಪಿನಲ್ಲಿ ಒಂದು ನೀಲಿ ಹಿಡಿಕೆ. ಒಂದು ಕಡೆ ತಿರುಗಿಸಿದರೆ ನೀರು ಬೀದಿಯ ಚರಂಡಿಗೆ, ಇನ್ನೊಂದು ಕಡೆಗಾದರೆ ಬಾವಿಗೆ.

"ಮೊದಲಿನ ಎರಡು ಮಳೆ ಬೀದಿಗೆ. ತಾರಸಿಯ ಮಾಡು ತೊಳೀಬೇಕು ಮೊದಲು. ಮೂರನೇದು ಬಾವಿಗೆ. ಹೇಳು ನೋಡುವ."

"ಮೊದಲಿನ ಎರಡು ಬೀದಿಗೆ, ಮೂರನೇದು ಬಾವಿಗೆ" ಎಂದೆ. ಬದುಕಿಡೀ ಬೇರೆಯವರಿಂದ ಪಾಠ ಒಪ್ಪಿಸಿಕೊಂಡವನಿಗೆ ಇದೇನು ಮಹಾ.

ಇಲ್ಲಿ ತಾರಸಿಯ ವಿಷಯ ಬರುತ್ತದೆ. ನಮ್ಮ ಬೀದಿಯಲ್ಲಿ ಬಯಲು ತಾರಸಿ ಉಳಿದಿರುವುದು ನಮ್ಮದೊಂದೇ; ಉಳಿದವರು ಶೀಟು ಹಾಕಿದ್ದಾರೆ ಅಥವಾ ಮೇಲೊಂದು ಮನೆ ಕಟ್ಟಿದ್ದಾರೆ. ಹಾಗಾಗಿ ಬೇಸಿಗೆ ಬಂತೆಂದರೆ ನಾಲ್ಕು ಮನೆಯ ಹೆಂಗಸರು ಸಾರಿನ ಪುಡಿಗೂ ಹುಳಿ ಪುಡಿಗೂ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತಂದು ಅಲ್ಲಿ ಒಣಗಿಸುತ್ತಾರೆ. ಹಳೆಯ ಪಂಚೆಗಳ ಮೇಲೆ ಒಂದು ಕಡೆ ಬ್ಯಾಡಗಿ, ಒಂದು ಕಡೆ ಗುಂಟೂರು, ಮೂಲೆಯಲ್ಲಿ ಕೊತ್ತಂಬರಿ ಬೀಜ. ನಡುವೆ ಕೊಡೆ ಹಿಡಿದು ಕಾಗೆ ಕಾಯುವವನು ನಾನು. ಮೆಣಸಿನಕಾಯಿಯನ್ನು ಕಾಗೆ ತಿನ್ನುವುದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಆ ಹುದ್ದೆಯನ್ನು ರದ್ದು ಮಾಡುವಂತೆ ಯಾರೂ ಕೇಳಿಲ್ಲ.

ಅತ್ತಿಗೆ ಹೋದ ನಾಲ್ಕನೆಯ ದಿನ, ಸಂಜೆ ನಾಲ್ಕರ ಹೊತ್ತಿಗೆ, ಗುಡುಗಿತು. ಹೆಂಗಸರು ಓಡಿ ಬಂದು ಪಂಚೆಗಳನ್ನು ಗಂಟು ಕಟ್ಟಿ ಹೊತ್ತುಕೊಂಡು ಇಳಿದರು. ಮಣ್ಣಿನ ವಾಸನೆ ಎದ್ದಿತು. ಆ ವಾಸನೆಗೆ ನನ್ನ ಬುದ್ಧಿ ಜಾರಿತು ಎಂದು ಒಪ್ಪಿಕೊಳ್ಳುತ್ತೇನೆ. ವರ್ಷದ ಮೊದಲ ಮಳೆಗೆ ನಮ್ಮಮ್ಮ ಹಿತ್ತಾಳೆಯ ಪಾತ್ರೆಯಿಟ್ಟು ನೀರು ಹಿಡಿದು ಎಲ್ಲರ ತಲೆಗೂ ಪ್ರೋಕ್ಷಿಸುತ್ತಿದ್ದರು. ಅಂಥ ನೀರನ್ನು ಅಮ್ಮನ ಮಗ ಚರಂಡಿಗೆ ಬಿಡುವುದೇ? ಅತ್ತಿಗೆ ಹೇಳಿದ್ದು ನೆನಪಿತ್ತು. ಆದರೆ ಅದು ಕರಾವಳಿಯ ಮಳೆಗೆ ಹೇಳಿದ ಮಾತಿರಬೇಕು, ಬಸವನಗುಡಿಯ ಮಳೆಗೆ ಅನ್ವಯಿಸಲಿಕ್ಕಿಲ್ಲ ಎಂದು ನನಗೆ ನಾನೇ ತೀರ್ಮಾನ ಕೊಟ್ಟುಕೊಂಡೆ.

ಹಿಡಿಕೆಗೆ ಒಂದು ಮೊಳ ಕನಕಾಂಬರ ಸುತ್ತಿದೆ. ಅಣ್ಣನನ್ನು ಕರೆದು ಬಾವಿಯ ಕಟ್ಟೆಯ ಪಕ್ಕ ನಿಲ್ಲಿಸಿದೆ. ಸೋಲುವವನು ಸಾಕ್ಷಿಯಾಗಿ ಇರಬೇಕು ಎಂಬ ಆಸೆ. ಕಾಯಿ ಒಡೆದು ಹಿಡಿಕೆ ತಿರುಗಿಸಿದೆ. ಪೈಪು ಗಂಟಲು ಸರಿಮಾಡಿಕೊಂಡಿತು. ನೀರು ಬಿತ್ತು.

"ಇದೇನೋ ಕೆಂಪಗೆ?" ಎಂದ ಅಣ್ಣ.

"ಮೊದಲ ಮಳೆ. ಸ್ವಲ್ಪ ಧೂಳಿರತ್ತೆ."

ಅಣ್ಣ ಬಗ್ಗಿ ಮೂಸಿದ. ಸೀನಿದ. ಸಾವರಿಸಿಕೊಂಡು ಇನ್ನೊಮ್ಮೆ ಸೀನಿದ.

"ಧೂಳಲ್ಲ ಕಣೋ, ಇದು ಹುಳಿ. ಒಗ್ಗರಣೆ ಒಂದು ಬಾಕಿ."

ವಾರಗಟ್ಟಲೆ ಒಣಗಿದ ಮೆಣಸಿನಕಾಯಿಯ ಬೀಜ, ಚೂರು, ಪುಡಿ ಎಲ್ಲ ತಾರಸಿಯ ಮೂಲೆಮೂಲೆಯಲ್ಲಿ ಕೂತಿತ್ತು. ಜೊತೆಗೆ ಪಾರಿವಾಳಗಳ ಕಾಣಿಕೆ. ಜಲ್ಲಿಯೂ ಇದ್ದಿಲೂ ಬೀಜವನ್ನು ತಡೆದವು. ಬ್ಯಾಡಗಿಯ ಬಣ್ಣವನ್ನು ತಡೆಯುವುದು ಅವುಗಳ ಕೈಲಾಗಲಿಲ್ಲ. ನಾನು ಹಿಡಿಕೆಯಿಂದ ಹೂವು ಬಿಚ್ಚಿ ಅದನ್ನು ತಿರುಗಿಸುವ ಹೊತ್ತಿಗೆ ಮಳೆಯೇ ನಿಂತಿತ್ತು. ಬಾವಿಯ ನೀರು ಕೆಂಪಗೆ, ಘಮಘಮಿಸುತ್ತ ನಿಂತಿತ್ತು.

ಮರುದಿನ ನಾಲ್ಕು ಮನೆಯ ಹೆಂಗಸರೂ ದರ್ಶನಕ್ಕೆ ಬಂದರು. "ನಾನು ಆವಾಗ್ಲೇ ಹೇಳಿದ್ದೆ, ಈ ಸಲದ ಗುಂಟೂರು ಖಾರ ಜಾಸ್ತಿ ಅಂತ" ಎಂದರು ಎದುರುಮನೆಯಾಕೆ, ಕಣ್ಣೊರೆಸಿಕೊಳ್ಳುತ್ತ. ಅಣ್ಣ ಒಳಗೆ ಹೋಗಿ ಟ್ರ್ಯಾಕ್ಟರಿನವನಿಗೆ ಫೋನು ಮಾಡಿದ. ಯಾವುದೋ ಮನೆ ಒಡೆದ ಮಣ್ಣು, ಇಟ್ಟಿಗೆ ಚೂರು ಇತ್ತಂತೆ. ಎರಡು ದಿನ ಬಿಟ್ಟು ಬೆಳಿಗ್ಗೆ ತಂದು ಸುರಿಯುತ್ತೇನೆ ಎಂದನಂತೆ. ನಾನು ತಡೆಯಲಿಲ್ಲ. ತಡೆಯಲು ನನಗೆ ಮುಖವಿರಲಿಲ್ಲ.

ಆ ಬೆಳಿಗ್ಗೆ ಟ್ರ್ಯಾಕ್ಟರು ಗೇಟಿನ ಮುಂದೆ ಬಂದು ನಿಲ್ಲುವುದಕ್ಕೂ, ಅದರ ಹಿಂದೆ ಆಟೋದಿಂದ ಅತ್ತಿಗೆ ಬ್ಯಾಗು ಹಿಡಿದು ಇಳಿಯುವುದಕ್ಕೂ ಸರಿಹೋಯಿತು. ಟ್ರ್ಯಾಕ್ಟರನ್ನು ನೋಡಿದರು. ಬಂದು ಬಾವಿಯೊಳಗೆ ಬಗ್ಗಿ ನೋಡಿದರು. ಆಮೇಲೆ ನನ್ನನ್ನು.

"ಎಷ್ಟನೇ ಮಳೆ?"

"ಮೊದಲನೇದು."

"ಯಾಕೆ?"

"ಅಮ್ಮ ಹಿಡೀತಿದ್ರಲ್ಲ ಅತ್ತಿಗೆ."

"ಅಮ್ಮ ಅಂಗಳದಲ್ಲಿ ಪಾತ್ರೆ ಇಟ್ಟು ಹಿಡೀತಿದ್ದದ್ದು ಮಾರಾಯ. ಮೆಣಸಿನ ಮಾಡಿಂದಲ್ಲ."

"ಅವನನ್ನ ಬಿಡು" ಎಂದ ಅಣ್ಣ, ಬಾಗಿಲಿನಿಂದಲೇ. "ಆಗಿದ್ದು ಆಯ್ತು. ಇನ್ನೇನಕ್ಕೆ ಕಾಯೋದು?"

"ಗೌರಿ ಹಬ್ಬದವರೆಗೆ ಅಂತ ಹೇಳಿದ್ದು ನೀವೇ. ಗೌರಿ ಹಬ್ಬ ಬೇಸಿಗೇಲಿ ಬರ್ತದಾ?"

"ಚೈತ್ರ ಗೌರಿ ಅಂತ ಒಂದಿದೆ."

"ಅದಕ್ಕೆ ಯಾವತ್ತಾದ್ರೂ ಒಂದು ಮೊಳ ಹೂವು ತಂದ್ಕೊಟ್ಟಿದ್ದೀರಾ?"

ಅತ್ತಿಗೆ ಬ್ಯಾಗನ್ನು ಬಾವಿಕಟ್ಟೆಯ ಮೇಲಿಟ್ಟು, ಅದರ ಪಕ್ಕ ತಾವೂ ಕೂತರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವರು. ಅವರು ದನಿ ಏರಿಸಲಿಲ್ಲ.

"ಅಲ್ಲಿ ಒಂದು ಚೊಂಬು ಸೇದಿ ಬಾಯಿಗೆ ಹಾಕ್ದೆ. ಉಗೀಬೇಕಾಯ್ತು. ನಮ್ಮಪ್ಪ ತೋಡಿದ ಬಾವಿ. ಉಪ್ಪು ಸೇರಿದ್ರೆ ಸೇದಿ ಮುಗಿಯೂದಿಲ್ಲ. ನೀವು ಸೇದಿದಷ್ಟೂ ಸಮುದ್ರ ಕೊಡ್ತದೆ. ಇದು ಖಾರ. ನಾಲ್ಕು ದಿನ ಸೇದಿ ಚೆಲ್ಲಿದ್ರೆ ಹೋಯ್ತು. ಅಲ್ಲಿ ಊರಿಗೆ ಊರೇ ಕೈಬಿಟ್ಟು ಬಾವಿ ಹೋಯ್ತು. ಇಲ್ಲಿ ಅದಕ್ಕೆ ನೀವಿಬ್ರೇ ಸಾಕು ಅಂತಾಗಬಾರ್ದು."

ಟ್ರ್ಯಾಕ್ಟರಿನವನು ಮೂವರನ್ನೂ ನೋಡಿ, "ಸಾರ್, ಸುರೀಲಾ ಬೇಡ್ವಾ? ಲೇಟಾದ್ರೆ ಅಕ್ಕಿಪೇಟೆ ಕಡೆ ಗಾಡಿ ಬಿಡಲ್ಲ" ಎಂದ.

ಅಣ್ಣ ಬದುಕಿನಲ್ಲಿ ಒಮ್ಮೆಯೂ ತಾನೇ ಸಹಿ ಹಾಕಿದ ಆದೇಶವನ್ನು ಮೀರಿದವನಲ್ಲ. "ಗೌರಿ ಹಬ್ಬ ಆದ್ಮೇಲೆ ಫೋನ್ ಮಾಡ್ತೀನಿ, ಹೋಗಪ್ಪ" ಎಂದ.

ಸೇದುವ ಶಿಕ್ಷೆ ನನಗೆ. ರಾಟೆ ಕಟ್ಟಿದರು, ಹಗ್ಗ ಬಂತು. ಮೊದಲ ದಿನ ನನ್ನ ಅಂಗೈ ಸುಲಿಯಿತು, ಎರಡನೆಯ ದಿನ ಸೊಂಟ ಹಿಡಿಯಿತು. ಮೂರನೆಯ ದಿನ ಅಣ್ಣ ಜಗುಲಿಯಿಂದ ಸ್ವಲ್ಪ ಹೊತ್ತು ನೋಡಿ, "ಹಗ್ಗ ಹಿಡಿಯೋದು ಹಾಗಲ್ಲ ಕಣೋ, ಕೊಡಿಲ್ಲಿ" ಎಂದು ಇಳಿದು ಬಂದ. ಅವನು ಸೇದುತ್ತಿದ್ದಾಗ, ಹಿಂದೆ ಆ ಕಾಲದಲ್ಲಿ ಕೊಡಪಾನದ ಜೊತೆ ಚೊಂಬನ್ನು ಬಾವಿಕಟ್ಟೆಯ ಮೇಲಿಡುತ್ತಿದ್ದವನು ಯಾರು ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ: "ಕೈ ತಾಗಿ ಬಿದ್ದಿರಬೇಕು." ಇನ್ನೊಂದು ಕೊಡ ಮೇಲೆಳೆದು, "ನನ್ನದೇ" ಎಂದ. ನಮ್ಮ ಮನೆಯಲ್ಲಿ ಕ್ಷಮಾಪಣೆ ಇದಕ್ಕಿಂತ ಉದ್ದ ಹೋಗುವುದಿಲ್ಲ.

ಕೆಂಪು ನೀರನ್ನು ಅತ್ತಿಗೆ ಚರಂಡಿಗೆ ಬಿಡಗೊಡಲಿಲ್ಲ. ಬಿಳಿ ಹುಳ ಹಿಡಿದಿದ್ದ ಕರಿಬೇವಿನ ಗಿಡಕ್ಕೆ ಚಿಮುಕಿಸಿದರು, ಹುಳ ಬಿತ್ತು. ಸುದ್ದಿ ಹರಡಿ ನಾಲ್ಕು ಮನೆಯವರೂ ಬಕೆಟ್ಟು ತಂದರು. ತಮ್ಮದೇ ಮೆಣಸಿನಕಾಯಿಯನ್ನು ಹೀಗೆ ವಾಪಸು ಒಯ್ದರು.

ಆಮೇಲಿನ ಎರಡು ಮಳೆ ಬೀದಿಗೆ ಹೋಯಿತು. ಮೂರನೆಯದರ ಹೊತ್ತಿಗೆ ಅತ್ತಿಗೆ ತಾವೇ ತಾರಸಿಗೆ ಹೋಗಿ ಗುಡಿಸಿ, ನೆಲಕ್ಕೆ ಬೆರಳು ಒರೆಸಿ ನೋಡಿ, ಬಂದು ಹಿಡಿಕೆ ತಿರುಗಿಸಿದರು. ಹೂವಿಲ್ಲ, ಕಾಯಿಯಿಲ್ಲ. ಆಷಾಢದಲ್ಲಿ ಚೆನ್ನಾಗಿ ಮಳೆಯಾಯಿತು. ಬಾವಿಯ ಒಳಗೋಡೆಯ ಕಲ್ಲಿನ ವರಸೆಗಳನ್ನು ನಾನು ದಿನಾ ಬೆಳಿಗ್ಗೆ ಎಣಿಸುತ್ತಿದ್ದೆ. ಒಂದೊಂದಾಗಿ ಮುಳುಗುತ್ತಿದ್ದವು. ಅಣ್ಣನೂ ಎಣಿಸುತ್ತಿದ್ದ, ನನಗೆ ಕಾಣದ ಹಾಗೆ, ಪತ್ರಿಕೆ ತರುವ ನೆಪದಲ್ಲಿ.

ಗೌರಿ ಹಬ್ಬದ ಬೆಳಿಗ್ಗೆ ಅಣ್ಣ ಮಡಿ ಪಂಚೆ ಉಟ್ಟು, ಕನ್ನಡಕ ಹಾಕಿಕೊಂಡು ಬಂದ. ಆ ತಾಮ್ರದ ಚೊಂಬನ್ನು ತಾನೇ ಹಗ್ಗಕ್ಕೆ ಕಟ್ಟಿ ಇಳಿಸಿದ. ಅತ್ತಿಗೆ ಕಲಶ ಹಿಡಿದು ನಿಂತಿದ್ದರು. ಚೊಂಬು ಮೇಲೆ ಬಂತು. ಅಣ್ಣ ನೀರನ್ನು ಬಿಳಿಯ ಬಟ್ಟಲಿಗೆ ಬಗ್ಗಿಸಿ ಬಿಸಿಲಿಗೆ ಹಿಡಿದ. ತಿರುಗಿಸಿ ನೋಡಿದ. ಮೂಗಿನ ಹತ್ತಿರ ತಂದ.

ಸೀನಿದ.

ಅತ್ತಿಗೆ ಕಣ್ಣು ಮುಚ್ಚಿದರು. ನಾನು ಗೇಟಿನ ಕಡೆ, ಟ್ರ್ಯಾಕ್ಟರು ನಿಂತಿದ್ದ ಜಾಗವನ್ನು ನೋಡಿದೆ.

"ಊದಿನಕಡ್ಡಿ" ಎಂದ ಅಣ್ಣ, ಮೂಗು ಒರೆಸಿಕೊಂಡು. "ಅದನ್ನ ಆ ಕಡೆ ಇಡೋ." ಮತ್ತೆ ಮೂಸಿದ. ನಿಧಾನವಾಗಿ, ಎರಡು ಸಲ. ಬಟ್ಟಲನ್ನು ಕೆಳಗಿಟ್ಟು, ಚೊಂಬನ್ನು ಅತ್ತಿಗೆಯ ಕಡೆ ಚಾಚಿ, "ತುಂಬ್ಕೋ" ಎಂದ.

ಅತ್ತಿಗೆ ತುಂಬಿಕೊಂಡರು. ಗೆಜ್ಜೆವಸ್ತ್ರವನ್ನು ರಾಟೆಗೆ ಹಾಕಿದರು. ಒಳಗೆ ಹೋಗುವಾಗ ನನ್ನ ಕಡೆ ತಿರುಗಿ, "ಈ ವರ್ಷ ನಿನಗೆ ಏಣಿ ಕೆಲಸ ಇಲ್ಲ" ಎಂದರಷ್ಟೆ.

ನೀರನ್ನು ಪರೀಕ್ಷೆಗೆ ಕೊಟ್ಟೆವು. ಕುಡಿಯಲು ಆಗದು, ಉಳಿದೆಲ್ಲಕ್ಕೂ ಆಗುತ್ತದೆ ಎಂದು ಬಂತು. ಸ್ನಾನ, ಬಟ್ಟೆ, ಪಾತ್ರೆ, ಗಿಡ ಎಲ್ಲ ಅದರಲ್ಲೇ. ಕಲಶದ ನೀರನ್ನು ಹೇಗೂ ಯಾರೂ ಕುಡಿಯುವುದಿಲ್ಲ ಎಂದು ಅಣ್ಣ ತನ್ನ ಆದೇಶಕ್ಕೆ ವಿವರಣೆ ಸೇರಿಸಿದ. ಮೆಣಸಿನಕಾಯಿ ಈಗಲೂ ನಮ್ಮ ತಾರಸಿಯಲ್ಲೇ ಒಣಗುತ್ತದೆ. ಕಡೆಯ ಗಂಟು ಇಳಿದ ಮೇಲೆ ನಾಲ್ಕು ಮನೆಯವರೂ ಪೊರಕೆ ತಂದು ತೊಳೆದು ಹೋಗಬೇಕೆಂಬ ನಿಯಮವಿದೆ. ಆ ಚಳಿಗಾಲ ಅತ್ತಿಗೆ ನಮ್ಮಿಬ್ಬರನ್ನೂ ತಮ್ಮೂರಿಗೆ ಕರೆದುಕೊಂಡು ಹೋದರು. ಹನ್ನೊಂದು ಮನೆಯವರು ಬುಟ್ಟಿ ತಂದರು. ಹಳ್ಳಕ್ಕೆ ಮತ್ತೆ ಕಟ್ಟ ಬಿತ್ತು. ನಾನು ನಾಲ್ಕು ಬುಟ್ಟಿ ಹೊತ್ತೆ, ಅಣ್ಣ ಐದು ಹೊತ್ತೆ ಎನ್ನುತ್ತಾನೆ.

ಅಲ್ಲಿಯ ಬಾವಿ ಇನ್ನೂ ಉಪ್ಪಾಗಿದೆ. ನಮ್ಮ ಬಾವಿಯಲ್ಲಿ ಒಂಬತ್ತು ಕಲ್ಲು ಮುಳುಗುವಷ್ಟು ನೀರಿದೆ. ಕಾರು ರಸ್ತೆಯಲ್ಲಿ ನಿಲ್ಲುತ್ತದೆ.